ತಾನಾಗಿ ಮಾಯುವ ಗಾಯಕ್ಕೆ ಮದ್ದಿನ ಪರೀಕ್ಷೆ

ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಒಂದು ಗಾಯವನ್ನು. ಒಸಡು ಜಾರಿ ಹಲ್ಲಿನ ಬೇರು ಹೊರಗೆ ಕಾಣುತ್ತಿರುವವರಿಗೆ ದಂತವೈದ್ಯರು ಅಂಗುಳದಿಂದ ತೆಳುವಾದ ಒಂದು ಪದರವನ್ನು ಕೊಯ್ದು ತೆಗೆದು ಅಲ್ಲಿಗೆ ಕಸಿ ಮಾಡುತ್ತಾರೆ. 1960ರ ದಶಕದಿಂದ ನಡೆದು ಬಂದಿರುವ ಶಸ್ತ್ರಚಿಕಿತ್ಸೆ ಇದು. ಕಸಿ ಕೂರಿಸಿದ ಜಾಗಕ್ಕೆ ಹೊಲಿಗೆ ಹಾಕುತ್ತಾರೆ. ಪದರ ತೆಗೆದ ಅಂಗುಳ ಮಾತ್ರ ಒಂದು, ಒಂದೂವರೆ ಮಿಲಿಮೀಟರ್ ಆಳದ ತೆರೆದ ಗಾಯವಾಗಿಯೇ ಉಳಿಯುತ್ತದೆ. ಅಲ್ಲಿನ ಲೋಳೆಪೊರೆ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅಂಚುಗಳನ್ನು ಎಳೆದು ಕೂಡಿಸಲು ಬರುವುದಿಲ್ಲ. ಅದು ತಳದಿಂದ, ಅಂಚಿನಿಂದ ತಾನೇ ತುಂಬಿಕೊಂಡು ಬರಬೇಕು. ಅದಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಅಷ್ಟು ದಿನ ಬಿಸಿ ಕಾಫಿ ತಾಗಿದರೆ ಉರಿ, ಸಾರಿನ ಖಾರ ತಾಗಿದರೆ ಉರಿ, ನಾಲಿಗೆ ಸೋಕಿದರೂ ನೋವು. ಕಸಿ ಮಾಡಿಸಿಕೊಂಡವರ ದೂರು ಬಹುಪಾಲು ಕಸಿಯ ಬಗ್ಗೆ ಇರುವುದಿಲ್ಲ, ಈ ಅಂಗುಳದ ಬಗ್ಗೆಯೇ ಇರುತ್ತದೆ. ಹಾಗಾಗಿ ಬಾಯಿಗೆ ಹಚ್ಚುವ ಮದ್ದುಗಳನ್ನು ಪರೀಕ್ಷಿಸುವವರಿಗೆ ಈ ಗಾಯ ಹೇಳಿ ಮಾಡಿಸಿದ ಜಾಗವಾಗಿದೆ. ಹಯಲುರಾನಿಕ್ ಆಮ್ಲ, ಎರಿತ್ರೊಪೊಯೆಟಿನ್, ಇನ್ಸುಲಿನ್, ಫೆನಿಟಾಯಿನ್, ಜೇನುತುಪ್ಪ, ಅರಿಶಿನದ ಸಾರ, ಲೋಳೆಸರ ಎಲ್ಲವೂ ಜೆಲ್ ರೂಪದಲ್ಲಿ ಇಲ್ಲಿ ಪರೀಕ್ಷೆಗೆ ಬಂದಿವೆ. ಬಂದವುಗಳಲ್ಲಿ ಹೆಚ್ಚಿನವು ಗೆದ್ದಿವೆ ಎಂಬ ವರದಿಗಳೂ ಬಂದಿವೆ. ಇಷ್ಟೊಂದು ಬೇರೆಬೇರೆ ವಸ್ತುಗಳು ಒಂದೇ ಗಾಯದ ಮೇಲೆ ಗೆಲ್ಲುತ್ತಿದ್ದರೆ, ಎಲ್ಲವೂ ಒಳ್ಳೆಯ ಮದ್ದುಗಳೋ, ಅಥವಾ ನಮ್ಮ ಪರೀಕ್ಷೆಯೇ ಯಾರನ್ನೂ ಸೋಲಿಸಲಾರದಷ್ಟು ಸಡಿಲವಾಗಿದೆಯೋ ಎಂದು ಕೇಳಲೇಬೇಕಾಗುತ್ತದೆ. ಎರಡನೆಯದೇ ನಿಜವಿರುವ ಸಾಧ್ಯತೆ ಹೆಚ್ಚು ಎಂಬುದು ನನ್ನ ವಾದ. ಬಾಯಿಯ ಗಾಯ ಬೇಗ, ತಾನಾಗಿಯೇ ಮಾಯುತ್ತದೆ. ಆದ್ದರಿಂದಲೇ ಅಲ್ಲಿಗೆ ಹಚ್ಚುವ ಮದ್ದಿನ ಪರೀಕ್ಷೆ ಬೇರೆಡೆಗಿಂತ ಬಿಗಿಯಾಗಿರಬೇಕು.

ಬಾಯಿ ಎಷ್ಟು ಚೆನ್ನಾಗಿ ಮಾಯುತ್ತದೆ ಎಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳೋಣ. ಕೋಟ್ಯಂತರ ಸೂಕ್ಷ್ಮಜೀವಿಗಳಿರುವ, ಸದಾ ತೇವದ, ದಿನಕ್ಕೆ ಹತ್ತಾರು ಸಲ ಉಜ್ಜಾಟಕ್ಕೆ ಸಿಗುವ ಈ ಜಾಗದಲ್ಲಿ ಗಾಯವಾದರೆ ಕೀವುಗಟ್ಟಿ ಕೊಳೆಯಬೇಕಿತ್ತು. ಆಗುವುದು ತದ್ವಿರುದ್ಧ. ಅಷ್ಟೇ ಗಾತ್ರದ ಗಾಯ ಚರ್ಮದ ಮೇಲೆ ಮಾಯಲು ತೆಗೆದುಕೊಳ್ಳುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಬಾಯಿಯಲ್ಲಿ ಮಾಯುತ್ತದೆ, ಕಲೆಯೂ ಹೆಚ್ಚು ಉಳಿಯುವುದಿಲ್ಲ. ಜೊಲ್ಲಿನಲ್ಲಿ ಜೀವಕೋಶಗಳನ್ನು ಬೆಳೆಸುವ ಅಂಶಗಳಿವೆ. ಹಿಸ್ಟಾಟಿನ್ ಎಂಬ ಸಣ್ಣ ಪ್ರೋಟೀನುಗಳು ಗಾಯದ ಅಂಚಿನ ಕೋಶಗಳನ್ನು ಬೇಗಬೇಗ ಸರಿದು ಕೂಡುವಂತೆ ಮಾಡುತ್ತವೆ ಎಂಬುದನ್ನು ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 2008ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದರು. ಇಲಿಗಳ ಜೊಲ್ಲುಗ್ರಂಥಿ ತೆಗೆದರೆ ಅವುಗಳ ಗಾಯ ಮಾಯುವುದು ನಿಧಾನವಾಗುತ್ತದೆ. ಜೊಲ್ಲೊಂದೇ ಕಾರಣವೂ ಅಲ್ಲ. ಮನುಷ್ಯರ ಬಾಯಿಯಲ್ಲೂ ಚರ್ಮದಲ್ಲೂ ಸಣ್ಣ ಗಾಯ ಮಾಡಿ ಹೋಲಿಸಿ ನೋಡಿದ, 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಾಯಿಯ ಲೋಳೆಪೊರೆಯ ಕೋಶಗಳು ಗಾಯವಾಗುವ ಮೊದಲೇ ದುರಸ್ತಿಗೆ ಸಜ್ಜಾಗಿ ಕೂತಿರುತ್ತವೆ ಎಂಬುದು ಕಂಡುಬಂತು. ಸಾಕ್ಸ್2, ಪಿಟ್‌ಎಕ್ಸ್1 ಎಂಬ ಪ್ರೋಟೀನುಗಳು ಅಲ್ಲಿ ಮುಂಚೆಯಿಂದಲೇ ಚುರುಕಾಗಿರುತ್ತವೆ. ಇದು ನಿಸರ್ಗ ನಮಗೆ ಕೊಟ್ಟ ದೊಡ್ಡ ಕೊಡುಗೆ. ಆದರೆ ಮದ್ದು ಪರೀಕ್ಷಿಸುವವನಿಗೆ ಇದೇ ದೊಡ್ಡ ತೊಡಕು. ಹೊಳೆ ಹರಿಯುವ ಕಡೆಗೇ ಹುಟ್ಟು ಹಾಕುವವನು ದೋಣಿ ಮುಂದೆ ಹೋಗಿದ್ದನ್ನು ತೋರಿಸಿದರೆ ಸಾಲದು, ಸೆಳವಿಗಿಂತ ಎಷ್ಟು ಮುಂದೆ ಹೋಯಿತು ಎಂಬ ಲೆಕ್ಕವನ್ನೂ ಕೊಡಬೇಕು.

ಆ ಸೆಳವು ಎಲ್ಲರಲ್ಲಿ, ಎಲ್ಲ ದಿನಗಳಲ್ಲಿ ಒಂದೇ ಸಮನಾಗಿದ್ದರೆ ಲೆಕ್ಕ ಸುಲಭವಾಗುತ್ತಿತ್ತು. ಹಾಗಿಲ್ಲ ಎಂಬುದಕ್ಕೆ 1998ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ವಿಶ್ವವಿದ್ಯಾಲಯದಿಂದ ಬಂದ ಅಧ್ಯಯನದಷ್ಟು ಸ್ಪಷ್ಟವಾದ ಸಾಕ್ಷಿ ಇನ್ನೊಂದು ನನಗೆ ತಿಳಿದಿಲ್ಲ. ಮರೂಚಾ, ಕೀಕೋಲ್ಟ್-ಗ್ಲೇಸರ್ ಮತ್ತು ಅವರ ಸಂಗಡಿಗರು 11 ಮಂದಿ ದಂತವೈದ್ಯ ವಿದ್ಯಾರ್ಥಿಗಳ ಗಟ್ಟಿ ಅಂಗುಳದ ಮೇಲೆ 3.5 ಮಿಲಿಮೀಟರ್ ಅಗಲದ ದುಂಡನೆಯ ಗಾಯ ಮಾಡಿದರು. ಒಂದು ಗಾಯ ಬೇಸಿಗೆ ರಜೆಯಲ್ಲಿ. ಇನ್ನೊಂದು, ಅದೇ ವಿದ್ಯಾರ್ಥಿಯ ಅಂಗುಳದ ಮತ್ತೊಂದು ಬದಿಯಲ್ಲಿ, ಪರೀಕ್ಷೆಗೆ ಮೂರು ದಿನ ಇರುವಾಗ. ದಿನವೂ ಫೋಟೊ ತೆಗೆದರು, ಗಾಯದ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ನೊರೆ ಬರುತ್ತದೆಯೇ ನೋಡಿದರು. ಪರೀಕ್ಷೆಯ ಹೊತ್ತಿನ ಗಾಯ ಮಾಯಲು ರಜೆಯ ಗಾಯಕ್ಕಿಂತ ಸರಾಸರಿ ಮೂರು ದಿನ, ಎಂದರೆ ಶೇ. 40ರಷ್ಟು, ಹೆಚ್ಚು ಹಿಡಿಯಿತು. ಒಬ್ಬರಲ್ಲೂ ಪರೀಕ್ಷೆಯ ಗಾಯ ರಜೆಯ ಗಾಯದಷ್ಟು ಬೇಗ ಮಾಯಲಿಲ್ಲ. ಅದೇ ಬಾಯಿ, ಅದೇ ಅಂಗುಳ, ಅದೇ ಗಾತ್ರದ ಗಾಯ, ಯಾವ ಮದ್ದೂ ಇಲ್ಲ. ಬದಲಾದದ್ದು ಮನಸ್ಸಿನ ಒತ್ತಡ ಮಾತ್ರ. ಅಂಗುಳದ ಜೆಲ್ಲುಗಳ ವರದಿಗಳನ್ನು ಈ ಮೂರು ದಿನಗಳನ್ನು ನೆನಪಿನಲ್ಲಿಟ್ಟುಕೊಂಡು ಓದಬೇಕು. ಎರಡು ಮೂರು ದಿನ ಬೇಗ ಮಾಯಿತು ಎಂದು ಯಾವುದೋ ಜೆಲ್ಲಿಗೆ ಹಿರಿಮೆ ಕೊಡುವಾಗ, ಅಷ್ಟೇ ಅಂತರವನ್ನು ಒಂದು ಕಾಲೇಜಿನ ಪರೀಕ್ಷಾ ವೇಳಾಪಟ್ಟಿ ಉಂಟುಮಾಡಬಲ್ಲದು ಎಂಬುದನ್ನು ಮರೆಯುವಂತಿಲ್ಲ. ಕಳೆದ ವರ್ಷದ ರೋಗಿಗಳಿಗೆ ಜೆಲ್ ಇರಲಿಲ್ಲ, ಈ ವರ್ಷದವರಿಗೆ ಹಚ್ಚಿದೆವು, ಇವರಿಗೆ ಬೇಗ ವಾಸಿಯಾಯಿತು ಎಂಬ ಬಗೆಯ ಹೋಲಿಕೆ ಏಕೆ ನಿಲ್ಲುವುದಿಲ್ಲ ಎಂಬುದಕ್ಕೂ ಇದೇ ಉತ್ತರ. ಯಾರಿಗೆ ಮದ್ದು, ಯಾರಿಗೆ ಬರಿಯ ಜೆಲ್ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದಾಗ ಮಾತ್ರ ಒತ್ತಡ, ನಿದ್ದೆ, ವಯಸ್ಸು, ಹೊಗೆಸೊಪ್ಪು ಎಲ್ಲವೂ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ.

ಗಾಯದ್ದು ಹೀಗಾದರೆ ನೋವಿನದು ಇನ್ನೂ ನಾಜೂಕು. ಮದ್ದಿಲ್ಲದ ಮದ್ದು, ಎಂದರೆ ಪ್ಲಸೀಬೊ, ನೋವನ್ನು ಹೇಗೆ ತಗ್ಗಿಸುತ್ತದೆ ಎಂಬ ಆಧುನಿಕ ತಿಳಿವಳಿಕೆಯ ದೊಡ್ಡ ಭಾಗ ನಮಗೆ ಸಿಕ್ಕಿರುವುದು ದಂತವೈದ್ಯರ ಕುರ್ಚಿಯಿಂದಲೇ. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಲೆವಿನ್, ಗಾರ್ಡನ್, ಫೀಲ್ಡ್ಸ್ ಎಂಬ ಮೂವರು ಬುದ್ಧಿಹಲ್ಲು ತೆಗೆಸಿಕೊಂಡವರಿಗೆ ಪ್ಲಸೀಬೊ ಕೊಟ್ಟರು. ಅದರಿಂದ ನೋವು ಇಳಿದವರಿಗೆ, ಮಾರ್ಫಿನ್ ಜಾತಿಯ ಮದ್ದುಗಳನ್ನು ತಡೆಯುವ ನಲಾಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ಅಂದರೆ ನಂಬಿಕೆಯಿಂದ ಇಳಿದ ನೋವು ನಟನೆಯಲ್ಲ. ಮಿದುಳು ತನ್ನದೇ ನೋವುನಿವಾರಕವನ್ನು ಸುರಿಸುತ್ತದೆ. 1985ರಲ್ಲಿ ಗ್ರೇಸ್ಲಿ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಬುದ್ಧಿಹಲ್ಲು ತೆಗೆಸಿಕೊಂಡ ಎರಡು ಗುಂಪುಗಳ ರೋಗಿಗಳಿಗೆ ಹೇಳಿದ್ದು ಒಂದೇ ಮಾತು. ವ್ಯತ್ಯಾಸ ಇದ್ದದ್ದು ವೈದ್ಯರ ತಿಳಿವಳಿಕೆಯಲ್ಲಿ: ಒಂದು ಗುಂಪಿನವರಿಗೆ ನಿಜವಾದ ನೋವುನಿವಾರಕ ಸಿಗುವ ಸಾಧ್ಯತೆಯೇ ಇಲ್ಲ ಎಂದು ಅವರಿಗೆ ಗೊತ್ತಿತ್ತು, ಇನ್ನೊಂದು ಗುಂಪಿನವರಿಗೆ ಸಿಗಬಹುದು ಎಂದಿತ್ತು. ಎರಡೂ ಕಡೆ ಪ್ಲಸೀಬೊ ಪಡೆದವರನ್ನು ಹೋಲಿಸಿದಾಗ, ವೈದ್ಯರು ಆಸೆ ಇಟ್ಟುಕೊಂಡಿದ್ದ ಗುಂಪಿನವರಿಗೆ ನೋವು ಕಡಿಮೆಯಿತ್ತು. ವೈದ್ಯರು ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಬಾವಿನ ಮಾತೂ ಹೀಗೆಯೇ. 1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬುದ್ಧಿಹಲ್ಲು ತೆಗೆದ ಮೇಲೆ ಅಲ್ಟ್ರಾಸೌಂಡ್ ಚಿಕಿತ್ಸೆಯನ್ನು ಪರೀಕ್ಷಿಸಿದಾಗ, ಯಂತ್ರದಿಂದ ಏನೂ ಹೊರಡದಂತೆ ಸೊನ್ನೆಗೆ ಇಟ್ಟಿದ್ದರೂ ನೋವಿನ ಜೊತೆಗೆ ಕೆನ್ನೆಯ ಬಾವೂ ಇಳಿಯಿತು. ತನ್ನ ಜೆಲ್ಲಿನ ಮೇಲೆ ಅಭಿಮಾನವಿರುವ ವೈದ್ಯನೇ ಅದನ್ನು ಹಚ್ಚಿ, ಮರುದಿನ ತಾನೇ ‘ಈಗ ನೋವು ಹೇಗಿದೆ?’ ಎಂದು ಕೇಳಿದರೆ ಬರುವ ಉತ್ತರಕ್ಕೆ ಎಷ್ಟು ಬೆಲೆ ಕಟ್ಟಬೇಕು ಎಂಬುದನ್ನು ಈ ಮೂರೂ ಪ್ರಯೋಗಗಳು ಹೇಳುತ್ತವೆ. ರೋಗಿಗೂ ತಿಳಿಯಬಾರದು, ಹಚ್ಚುವವರಿಗೂ ತಿಳಿಯಬಾರದು, ಗಾಯ ಅಳೆಯುವವರಿಗಂತೂ ತಿಳಿಯಲೇಬಾರದು. ಅರಿಶಿನದ ಜೆಲ್ಲಿನಲ್ಲಿ ಇದು ಸುಲಭವಲ್ಲ, ಹಳದಿ ಬಣ್ಣ ಗುಟ್ಟು ಬಿಟ್ಟುಕೊಡುತ್ತದೆ. ಹೋಲಿಕೆಯ ಜೆಲ್ಲಿಗೂ ತಿನ್ನುವ ಹಳದಿ ಬಣ್ಣ ಬೆರೆಸಬೇಕು, ಅಳೆಯುವ ಮುನ್ನ ಗಾಯವನ್ನು ಮೂರನೆಯವರು ಒರೆಸಿಡಬೇಕು. ಇಷ್ಟು ತೊಂದರೆ ತೆಗೆದುಕೊಳ್ಳದ ಅಧ್ಯಯನ ತನ್ನ ಆಸೆಯನ್ನೇ ಅಳೆದುಕೊಂಡಿರುತ್ತದೆ.

ಹೋಲಿಕೆಗೆ ಏನನ್ನು ಇಡಬೇಕು ಎಂಬಲ್ಲಿ ನಮ್ಮ ಅಧ್ಯಯನಗಳು ಹೆಚ್ಚಾಗಿ ಎಡವುತ್ತವೆ. ಒಂದು ಗುಂಪಿಗೆ ಜೆಲ್, ಇನ್ನೊಂದು ಗುಂಪಿಗೆ ಏನೂ ಇಲ್ಲ. ಇದು ಸಾಮಾನ್ಯವಾಗಿ ಕಾಣುವ ಏರ್ಪಾಡು. ಆದರೆ ಜೆಲ್ ಎಂದರೆ ಅದರೊಳಗಿನ ಔಷಧಿ ಮಾತ್ರವಲ್ಲ. ಬಾಯಿಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್ ಜೊಲ್ಲು ಹರಿಯುತ್ತದೆ. ನೀರಿನಂಥ ಮದ್ದು ಅಲ್ಲಿ ನಿಲ್ಲುವುದಿಲ್ಲ. ಅದಕ್ಕಾಗಿ ಕಾರ್ಬೊಪಾಲ್, ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಮುಂತಾದ ಅಂಟುಪದಾರ್ಥಗಳಲ್ಲಿ ಔಷಧಿಯನ್ನು ಕಲಸುತ್ತಾರೆ. ಆ ಅಂಟೇ ಗಾಯದ ಮೇಲೆ ಒಂದು ಪರದೆ. ಬಿಸಿ, ಖಾರ, ನಾಲಿಗೆಯ ಉಜ್ಜಾಟ ನೇರ ತಾಗದಂತೆ ಅದು ತಡೆಯುತ್ತದೆ, ನೋವು ಅಷ್ಟರಿಂದಲೇ ಇಳಿಯಬಹುದು. ಅಂಗುಳಕ್ಕೆ ಪ್ಲಾಸ್ಟಿಕ್ಕಿನ ತೆಳು ಪ್ಲೇಟು ತೊಡಿಸುವ ರೂಢಿಯ ಹಿಂದೆ ಇರುವುದೂ ಇದೇ ತತ್ವ. ಹಾಗಾಗಿ ಔಷಧಿಯ ಗುಣ ತಿಳಿಯಬೇಕಾದರೆ ಅದೇ ಅಂಟು, ಅದೇ ದಪ್ಪ, ಅದೇ ರುಚಿಯ, ಔಷಧಿಯಿಲ್ಲದ ಜೆಲ್ ಎದುರಿಗೆ ಇರಬೇಕು. ಏನೂ ಹಚ್ಚದ ಮೂರನೆಯ ಗುಂಪೂ ಇದ್ದರೆ ಇನ್ನೂ ಒಳ್ಳೆಯದು. ಪರದೆಯ ಪಾಲೆಷ್ಟು, ಔಷಧಿಯ ಪಾಲೆಷ್ಟು ಎಂಬುದು ಬೇರ್ಪಡುತ್ತದೆ. ಒಬ್ಬರದೇ ಅಂಗುಳದ ಎಡಕ್ಕೆ ಔಷಧಿ, ಬಲಕ್ಕೆ ಬರಿ ಜೆಲ್ ಹಚ್ಚಿ ಹೋಲಿಸುವ ಏರ್ಪಾಡು ಮೇಲ್ನೋಟಕ್ಕೆ ಸೊಗಸು, ಆದರೆ ನಾಲಿಗೆಯೂ ಜೊಲ್ಲೂ ಎರಡನ್ನೂ ಒಂದು ಮಾಡಿಬಿಡುತ್ತವೆ.

ಇನ್ನು, ಏನನ್ನು ಅಳೆಯಬೇಕು? ಗಾಯ ಮುಚ್ಚಿತೇ ಎಂಬುದನ್ನು ತಿಳಿಯಲು ಆ ನೊರೆಯ ಪರೀಕ್ಷೆ ನಿಜಕ್ಕೂ ಚಂದದ್ದು. ಅಂಗುಳವನ್ನು ಹತ್ತಿಯಿಂದ ಒಣಗಿಸಿ ಶೇ. 3ರ ಹೈಡ್ರೋಜನ್ ಪೆರಾಕ್ಸೈಡಿನ ಹನಿ ಬಿಟ್ಟರೆ, ಮೇಲ್ಪದರ ಎಲ್ಲಿ ಇನ್ನೂ ಕೂಡಿಲ್ಲವೋ ಅಲ್ಲಿ ಒಳಗಿನ ಅಂಗಾಂಶದ ಕೆಟಲೇಸ್ ಎಂಬ ಕಿಣ್ವ ತಾಗಿ ಬಿಳಿ ಗುಳ್ಳೆಗಳು ಏಳುತ್ತವೆ. ಕಣ್ಣಿಗೆ ಮುಚ್ಚಿದಂತೆ ಕಂಡ ಗಾಯವೂ ಇಲ್ಲಿ ಸಿಕ್ಕಿಬೀಳುತ್ತದೆ. ಆದರೆ ರೋಗಿಗೆ ಬೇಕಾದದ್ದು ಬರಿಯ ಮೇಲ್ಪದರ ಅಲ್ಲ. ಎಷ್ಟನೆಯ ದಿನ ಎಂದಿನಂತೆ ಊಟ ಮಾಡಿದರು, ಎಷ್ಟು ನೋವಿನ ಮಾತ್ರೆ ನುಂಗಿದರು, ರಾತ್ರಿ ರಕ್ತ ಒಸರಿತೇ, ನಿದ್ದೆ ಬಂತೇ, ಇವು ಅವರ ಬದುಕಿಗೆ ತಾಗುವ ಅಳತೆಗಳು. ಇವುಗಳಲ್ಲಿ ಮುಖ್ಯವಾದ ಒಂದನ್ನು ಅಧ್ಯಯನ ಶುರುವಾಗುವ ಮೊದಲೇ ಬರೆದಿಡಬೇಕು. ಇಲ್ಲವಾದರೆ ಏನಾಗುತ್ತದೆ ನೋಡಿ: ನೋವು, ಉರಿ, ಬಣ್ಣ, ಅಗಲ, ನೊರೆ ಎಂಬ ಐದು ಅಳತೆಗಳನ್ನು 3, 7, 14, 21ನೇ ದಿನಗಳಂದು ತೆಗೆದರೆ ಒಟ್ಟು 20 ಹೋಲಿಕೆಗಳು. ಮದ್ದಿಗೆ ಯಾವ ಗುಣವೂ ಇಲ್ಲದಿದ್ದರೂ, ಈ ಹೋಲಿಕೆಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡರೆ, ಶೇ. 5ರ ರೂಢಿಯ ಮಾನದಂಡದಲ್ಲಿ ಕನಿಷ್ಠ ಒಂದಾದರೂ ‘ಗೆದ್ದಿತು’ ಎಂದು ಬರುವ ಸಾಧ್ಯತೆ ಶೇ. 64. ಆ ಒಂದನ್ನು ಶೀರ್ಷಿಕೆಗೆ ಏರಿಸಿ ಉಳಿದ ಹತ್ತೊಂಬತ್ತನ್ನು ಕೋಷ್ಟಕದಲ್ಲಿ ಬಿಟ್ಟರೆ ಯಾರೂ ಸುಳ್ಳು ಹೇಳಿದಂತಾಗುವುದಿಲ್ಲ, ಓದುಗ ಮಾತ್ರ ದಾರಿ ತಪ್ಪುತ್ತಾನೆ. 2007ರಲ್ಲಿ ಶುರುವಾಗಿ 2009ರ ಜೂನ್‌ನಿಂದ ಕಡ್ಡಾಯವಾದ ನಮ್ಮ ದೇಶದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇರುವುದು ಈ ಜಾಗದಲ್ಲಿ ಕಾವಲು ನಿಲ್ಲಲಿಕ್ಕೆ. ಮೊದಲು ಏನು ಹೇಳಿದ್ದರು, ಕೊನೆಗೆ ಏನು ಹೇಳಿದರು ಎಂದು ಯಾರು ಬೇಕಾದರೂ ತೆರೆದು ನೋಡಬಹುದು.

ಈಗ ಆಕ್ಷೇಪಗಳಿಗೆ ಬರುತ್ತೇನೆ. ನಮ್ಮಲ್ಲಿ ಮೊದಲು ಏಳುವುದು ಅರಿಶಿನದ, ಜೇನಿನ ಪರವಾದ ಮಾತು: ತಲೆಮಾರುಗಳಿಂದ ಹಚ್ಚಿಕೊಂಡು ಬಂದದ್ದಕ್ಕೆ ಇನ್ನೇನು ಪರೀಕ್ಷೆ? ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅರಿಶಿನದಿಂದ ಗಾಯ ಮಾಯಿಸುವ ಕುರಿತು 1995ರಲ್ಲಿ ಪೇಟೆಂಟ್ ಸಿಕ್ಕಿದ್ದು, ವಿಜ್ಞಾನಿ ಮಾಶೆಲ್ಕರ್ ಅವರ ನೇತೃತ್ವದಲ್ಲಿದ್ದ ನಮ್ಮ ದೇಶದ ಸಂಶೋಧನಾ ಮಂಡಳಿ ಸಿಎಸ್ಐಆರ್ ಅದನ್ನು ಪ್ರಶ್ನಿಸಿ 1997ರಲ್ಲಿ ರದ್ದು ಮಾಡಿಸಿದ್ದು ಹಲವರಿಗೆ ನೆನಪಿರಬಹುದು. ಹೆಮ್ಮೆಪಡಬೇಕಾದ ಗೆಲುವು ಅದು. ಆದರೆ ಗೆದ್ದದ್ದು ಯಾವ ವಾದ? ಹಳೆಯ ಗ್ರಂಥಗಳನ್ನೂ 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಲೇಖನವನ್ನೂ ಮುಂದಿಟ್ಟು, ಈ ಬಳಕೆ ಹೊಸದಲ್ಲ ಎಂದು ತೋರಿಸಲಾಯಿತು. ಬಳಕೆ ಹಳೆಯದು ಎಂಬುದು ಸಾಬೀತಾಯಿತು. ಎಷ್ಟು ಪ್ರಮಾಣದಲ್ಲಿ, ಯಾವ ಗಾಯಕ್ಕೆ, ಎಷ್ಟು ಗುಣ ಎಂಬ ಪ್ರಶ್ನೆ ಆ ಕಟಕಟೆಗೆ ಬರಲೇ ಇಲ್ಲ. ಬೇಗ ತಾನಾಗಿ ಮಾಯುವ ಗಾಯದ ಮೇಲೆ ಹಚ್ಚಿದ್ದೆಲ್ಲಕ್ಕೂ ತಲೆಮಾರುಗಳ ಸಾಕ್ಷಿ ಸಿಗುತ್ತದೆ, ಯಾಕೆಂದರೆ ಹಚ್ಚಿದ ಪ್ರತಿಯೊಬ್ಬರ ಗಾಯವೂ ಮಾದಿರುತ್ತದೆ. ನಮ್ಮ ಮನೆಮದ್ದಿನ ಮೇಲೆ ಗೌರವವಿದ್ದರೆ ಅದನ್ನು ಒಳ್ಳೆಯ ಪರೀಕ್ಷೆಗೆ ಒಡ್ಡುವ ಧೈರ್ಯವೂ ಇರಬೇಕು.

ಗುಣವಾಗದಿದ್ದರೆ ಬೇಡ, ಒಂದಿಷ್ಟು ಜೆಲ್ ಹಚ್ಚಿದರೆ ಆಗುವ ಹಾನಿಯೇನು ಎಂಬುದು ಎರಡನೆಯ ಆಕ್ಷೇಪ. ಒಂದು ಉದಾಹರಣೆ ನೋಡಿ. ಹಲ್ಲು ಕಿತ್ತ ಕುಳಿ ಸರಿಯಾಗಿ ಮಾಯದೆ ತೀವ್ರವಾಗಿ ನೋಯುವ ಡ್ರೈ ಸಾಕೆಟ್ಟಿಗೆ ಬಳಸುವ ಕ್ಲೋರ್‌ಹೆಕ್ಸಿಡಿನ್ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವ, ಒಳ್ಳೆಯ ಮದ್ದು. ಆದರೂ ಬ್ರಿಟನ್ನಿನಲ್ಲಿ ಡ್ರೈ ಸಾಕೆಟ್ಟನ್ನು ಅದರಿಂದ ತೊಳೆದಾಗ ಇಬ್ಬರು ರೋಗಿಗಳು ತೀವ್ರ ಅಲರ್ಜಿಯಿಂದ ತೀರಿಕೊಂಡದ್ದು ದಾಖಲಾಗಿದೆ. ಅಪರೂಪದಲ್ಲಿ ಅಪರೂಪ, ನಿಜ. ಆದರೆ ತೆರೆದ ಗಾಯಕ್ಕೆ ಹಾಕುವ ಯಾವುದೂ ಬರಿಯ ಮೇಲ್ಮೈಯಲ್ಲಿ ನಿಲ್ಲುವುದಿಲ್ಲ. ಕೋಶಗಳನ್ನು ಬೆಳೆಸುವ ಅಂಶಗಳಿರುವ ಜೆಲ್ಲುಗಳ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ಮಧುಮೇಹಿಗಳ ಕಾಲಿನ ಹುಣ್ಣಿಗೆಂದು ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಪಡೆದ ಬೆಕಾಪ್ಲರ್ಮಿನ್ ಜೆಲ್ಲಿಗೆ, ಹೆಚ್ಚು ಟ್ಯೂಬ್ ಬಳಸಿದವರಲ್ಲಿ ಕ್ಯಾನ್ಸರ್ ಸಾವು ಹೆಚ್ಚಿರಬಹುದೆಂಬ ಶಂಕೆಯಿಂದ 2008ರಲ್ಲಿ ಕಟ್ಟೆಚ್ಚರಿಕೆ ಅಂಟಿಸಿದರು. ಮುಂದಿನ ಅಧ್ಯಯನಗಳು ಆ ಶಂಕೆಯನ್ನು ಎತ್ತಿಹಿಡಿಯದ್ದರಿಂದ 2018ರಲ್ಲಿ ಅದನ್ನು ತೆಗೆದರು. ಆ ಹತ್ತು ವರ್ಷಗಳ ಅನುಮಾನ ನಮಗೆ ಪಾಠವಾಗಬೇಕು, ಏಕೆಂದರೆ ನಮ್ಮದು ವರ್ಷಕ್ಕೆ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಮಂದಿಗೆ ಹೊಸದಾಗಿ ಬಾಯಿಯ ಕ್ಯಾನ್ಸರ್ ಬರುವ ದೇಶ. ಅಡಿಕೆ, ತಂಬಾಕು ಜಗಿದು ಬದಲಾಗಿರುವ ಲೋಳೆಪೊರೆಯ ಮೇಲೆ ಕೋಶ ಬೆಳೆಸುವ ಮದ್ದನ್ನು ಹಚ್ಚುವ ಮುನ್ನ ಎರಡು ವಾರದ ಫೋಟೊ ಸಾಲದು, ವರ್ಷಗಟ್ಟಲೆ ಹಿಂಬಾಲಿಸಿ ನೋಡಬೇಕು.

ನೋವಿನಲ್ಲಿರುವವರಿಗೆ ಬರಿಯ ಜೆಲ್ ಕೊಡುವುದು ಕ್ರೌರ್ಯವಲ್ಲವೇ ಎಂಬ ಆಕ್ಷೇಪ ಕರುಣೆಯಿಂದ ಬಂದದ್ದು, ಅದಕ್ಕೆ ನೇರವಾಗಿ ಉತ್ತರಿಸಬೇಕು. ಈ ಅಧ್ಯಯನಗಳಲ್ಲಿ ಎಲ್ಲ ಗುಂಪಿನವರಿಗೂ ನೋವಿನ ಮಾತ್ರೆ, ಬಾಯಿ ಮುಕ್ಕಳಿಸುವ ಸಲಹೆ, ಬೇಕೆಂದಾಗ ವೈದ್ಯರ ಭೇಟಿ ಇದ್ದೇ ಇರುತ್ತವೆ, ಇರಲೇಬೇಕು. ತಡೆಹಿಡಿಯುತ್ತಿರುವುದು ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ಯಾರಿಗೂ ಗೊತ್ತಿಲ್ಲದ ಒಂದು ವಸ್ತುವನ್ನು ಮಾತ್ರ. ಗೊತ್ತಿದ್ದರೆ ಪರೀಕ್ಷೆಯೇ ಬೇಡ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಎಲ್ಲರಿಗೂ ಹಚ್ಚಿ ದುಡ್ಡು ತೆಗೆದುಕೊಳ್ಳುವುದರಲ್ಲಿ ನನಗೆ ಹೆಚ್ಚಿನ ಕರುಣೆ ಕಾಣುವುದಿಲ್ಲ. ಒಪ್ಪಿಗೆ ಪತ್ರವನ್ನು ರೋಗಿಯ ಭಾಷೆಯಲ್ಲಿ, ತಿಳಿಯುವ ಕನ್ನಡದಲ್ಲಿ ಓದಿ ಹೇಳಿ, ‘ನಿಮಗೆ ಬರಿಯ ಜೆಲ್ ಸಿಗಲೂಬಹುದು’ ಎಂಬ ವಾಕ್ಯವನ್ನು ನುಂಗದೆ ಹೇಳುವುದು ಇಲ್ಲಿ ನಿಜವಾದ ನೈತಿಕ ಕೆಲಸ.

ಯಾರ ಮೇಲೆ ಪರೀಕ್ಷಿಸಬೇಕು ಎಂಬುದಕ್ಕೂ ಇದೇ ವಾದ ಅನ್ವಯಿಸುತ್ತದೆ. ಅಂಗುಳದ ಬಹುಪಾಲು ಅಧ್ಯಯನಗಳು ಮಧುಮೇಹವಿಲ್ಲದ, ಬೀಡಿ ಸಿಗರೇಟು ಸೇದದ ಆರೋಗ್ಯವಂತರನ್ನು ಆರಿಸಿಕೊಳ್ಳುತ್ತವೆ. ಲೆಕ್ಕ ಅಚ್ಚುಕಟ್ಟಾಗಿರಲಿ ಎಂಬುದು ಕಾರಣ. ಆದರೆ ಇವರ ಗಾಯ ಹೇಗೂ ಚೆನ್ನಾಗಿ ಮಾಯುತ್ತದೆ. ಮದ್ದಿನ ಅಗತ್ಯ ಇರುವುದು ಯಾರ ಬಾಯಿ ಸೋತಿದೆಯೋ ಅವರಿಗೆ. 2016-17ರ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇ. 28.6 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಅವರನ್ನು ಹೊರಗಿಟ್ಟು ಪಡೆದ ಉತ್ತರ ಅವರಿಗೆ ಸಲ್ಲುತ್ತದೆ ಎಂದು ಹೇಗೆ ನಂಬುವುದು? ಅಗತ್ಯದಿಂದ ಅಗತ್ಯಕ್ಕೆ ಮದ್ದಿನ ಬೆಲೆ ಎಷ್ಟು ಬದಲಾಗುತ್ತದೆ ಎಂಬುದನ್ನು ಡ್ರೈ ಸಾಕೆಟ್ ಕುರಿತ 2012ರ ಕಾಕ್ರೇನ್ ಪರಾಮರ್ಶೆ ಚೆನ್ನಾಗಿ ತೋರಿಸಿದೆ. ನೂರಕ್ಕೆ ಒಬ್ಬರಿಗೆ ಮಾತ್ರ ಆ ತೊಂದರೆ ಬರುವ ಕಡೆ, ಒಬ್ಬರನ್ನು ಅದರಿಂದ ಉಳಿಸಲು 232 ಮಂದಿ ಕ್ಲೋರ್‌ಹೆಕ್ಸಿಡಿನ್ ಮುಕ್ಕಳಿಸಬೇಕು. ನೂರಕ್ಕೆ ಐವರಿಗೆ ಬರುವ ಕಡೆ 47 ಮಂದಿ ಸಾಕು. ನೂರಕ್ಕೆ ಮೂವತ್ತು ಮಂದಿಗೆ ಬರುವಂಥ ಕಷ್ಟದ ಹಲ್ಲುಗಳಲ್ಲಿ 8 ಮಂದಿಗೆ ಕೊಟ್ಟರೆ ಒಬ್ಬರು ಉಳಿಯುತ್ತಾರೆ. ಮದ್ದು ಒಂದೇ, ಶಕ್ತಿಯೂ ಒಂದೇ, ಫಲ ಮಾತ್ರ ಯಾರಿಗೆ ಕೊಟ್ಟೆವು ಎಂಬುದರ ಮೇಲೆ ನಿಂತಿದೆ.

ಕೊನೆಯ ಆಕ್ಷೇಪ ನಮ್ಮ ಕಾಲೇಜುಗಳದು, ಅದರಲ್ಲಿ ಹುರುಳಿದೆ. ಸ್ನಾತಕೋತ್ತರ ವಿದ್ಯಾರ್ಥಿಗೆ ಪ್ರಬಂಧಕ್ಕೆ ಸಿಗುವ ಕಾಲ ಸ್ವಲ್ಪ, ರೋಗಿಗಳು ಸ್ವಲ್ಪ, ಹಣ ಇನ್ನೂ ಸ್ವಲ್ಪ. ಗುಂಪಿಗೆ 15 ಜನ ಎಂದು ನಿಲ್ಲಿಸುವುದು ಅನಿವಾರ್ಯವಾಗುತ್ತದೆ. ಆದರೆ ಲೆಕ್ಕ ದಾಕ್ಷಿಣ್ಯ ನೋಡುವುದಿಲ್ಲ. ಮದ್ದಿನ ನಿಜವಾದ ಪರಿಣಾಮ ರೋಗಿಯಿಂದ ರೋಗಿಗೆ ಸಹಜವಾಗಿರುವ ಏರುಪೇರಿನ ಅರ್ಧದಷ್ಟಿದೆ ಎಂದಿಟ್ಟುಕೊಂಡರೆ, ಅದನ್ನು ನೂರಕ್ಕೆ ಎಂಬತ್ತರ ಭರವಸೆಯಲ್ಲಿ ಪತ್ತೆಹಚ್ಚಲು ಪ್ರತಿ ಗುಂಪಿಗೆ 64 ಮಂದಿ ಬೇಕು. 15 ಮಂದಿಯಿದ್ದರೆ ನಾಲ್ಕರಲ್ಲಿ ಒಂದು ಸಲ ಮಾತ್ರ ಅದು ಕಣ್ಣಿಗೆ ಬೀಳುತ್ತದೆ, ಬಿದ್ದಾಗಲೂ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹೀಗೆ ಒಳ್ಳೆಯ ಮದ್ದು ಸೋತುಹೋಗುವುದೂ ಉಂಟು, ಟೊಳ್ಳು ಮದ್ದು ಗೆದ್ದುಬಿಡುವುದೂ ಉಂಟು. ಇದಕ್ಕೆ ದಾರಿ ಇಲ್ಲದಿಲ್ಲ. ದೇಶದಲ್ಲೇ ಹೆಚ್ಚು ದಂತವೈದ್ಯ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು; ಅವುಗಳಲ್ಲಿ ಬಹುಪಾಲು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಒಂದೇ ಸೂರಿನಡಿ ಇವೆ. ಹತ್ತು ಕಾಲೇಜುಗಳ ಹತ್ತು ವಿದ್ಯಾರ್ಥಿಗಳು ಹತ್ತು ಬೇರೆ ಜೆಲ್ಲುಗಳ ಹಿಂದೆ ಹೋಗುವ ಬದಲು ಒಂದೇ ಜೆಲ್, ಒಂದೇ ಕಾರ್ಯವಿಧಾನ, ಒಂದೇ ಅಳತೆ ಇಟ್ಟುಕೊಂಡು ತಲಾ ಇಪ್ಪತ್ತು ರೋಗಿಗಳನ್ನು ಸೇರಿಸಿದರೆ ಇನ್ನೂರು ಮಂದಿಯಾಗುತ್ತಾರೆ. ಮೂರು ಗುಂಪು ಮಾಡಿದರೂ ಗುಂಪಿಗೆ 64ಕ್ಕಿಂತ ಹೆಚ್ಚು. ಚೀಟಿ ಎತ್ತುವುದು ಒಂದು ಕೇಂದ್ರದಲ್ಲಿ ನಡೆಯಲಿ, ಜೆಲ್ಲಿನ ಟ್ಯೂಬುಗಳು ಬರಿಯ ಸಂಖ್ಯೆ ಹೊತ್ತು ಬರಲಿ, ಫೋಟೊಗಳನ್ನು ಬೇರೆ ಊರಿನವರು ಅಳೆಯಲಿ. ಪ್ರತಿ ವಿದ್ಯಾರ್ಥಿಯೂ ತನ್ನ ಕಾಲೇಜಿನ ಭಾಗವನ್ನು, ಅದರ ತೊಡಕುಗಳನ್ನು, ತಾನು ಕಲಿತ ವಿಧಾನವನ್ನು ಪ್ರಬಂಧವಾಗಿ ಬರೆಯಲು ಏನೂ ಅಡ್ಡಿಯಿಲ್ಲ. ಹೀಗೆ ಹಂಚಿಕೊಂಡು ಮಾಡಿದ ಪ್ರಬಂಧ ಸ್ವಂತದ್ದಲ್ಲ ಎಂಬ ಸಂಕೋಚವನ್ನು ಮಾರ್ಗದರ್ಶಕರೂ ಪರೀಕ್ಷಕರೂ ಮೊದಲು ಬಿಡಬೇಕಾಗುತ್ತದೆ. ಜೆಲ್ ಸೋತರೆ ಆ ಸೋಲನ್ನೂ ರಿಜಿಸ್ಟ್ರಿಯಲ್ಲಿ, ನಿಯತಕಾಲಿಕದಲ್ಲಿ ಗೆಲುವಿನಷ್ಟೇ ವಿವರವಾಗಿ ಅಚ್ಚು ಹಾಕಬೇಕು. ಮುಂದಿನ ವರ್ಷದ ವಿದ್ಯಾರ್ಥಿ ಅದೇ ಜೆಲ್ಲನ್ನು ಹಿಡಿದು ಇನ್ನೂ ಮೂವತ್ತು ಅಂಗುಳಗಳನ್ನು ಹುಡುಕಿಕೊಂಡು ಹೊರಡುವುದನ್ನು ತಡೆಯಲು ಬೇರೆ ಉಪಾಯವಿಲ್ಲ.